ಮುರಿದ ಗೊಂಬೆ, ಎರವಲು ತೋಳು

ಕಳೆದ ಬೇಸಿಗೆಯ ರಜೆಯಲ್ಲಿ ನಮ್ಮ ಮನೆಯ ಅಟ್ಟವನ್ನು ಶುಚಿಗೊಳಿಸಲು ತೊಡಗಿದಾಗ ಹಳೆಯ ಮಾಸಪತ್ರಿಕೆಗಳ ಕಟ್ಟು, ಕಿವಿ ಹೋದ ಹಿತ್ತಾಳೆಯ ಕೊಳಗ, ಬಳಕೆ ತಪ್ಪಿದ ಪಂಪ್ ಸ್ಟೋವು ಇವುಗಳ ಹಿಂದೆ ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿಯೊಂದು ದೊರೆಯಿತು. ಮುಚ್ಚಳ ತೆಗೆದು ನೋಡಿದರೆ ಅಂಗೈಯಗಲದ ಪ್ಲಾಸ್ಟಿಕ್ ಸಿಪಾಯಿಯೊಬ್ಬನ ಅವಶೇಷಗಳು. ಎದೆ ಒಂದು ಕಡೆ, ಕಾಲುಗಳೆರಡು ಇನ್ನೊಂದು ಕಡೆ. ಬಲಗೈ ಮೊಣಕೈಯಿಂದ ಕೆಳಗೆ ಇರಲಿಲ್ಲ. ನಡುವಿನ ತುಂಡು ಎರಡು ಹೋಳಾಗಿತ್ತು. ಏಣಿಯ ಬುಡದಲ್ಲಿ ನಿಂತಿದ್ದ ಹನ್ನೊಂದು ವರ್ಷದ ಮೊಮ್ಮಗ ಅವನ್ನೆಲ್ಲ ನೆಲದ ಮೇಲೆ ಜೋಡಿಸಿಟ್ಟು ನೋಡಿ ಕೇಳಿದ:

"ಇದನ್ನ ಯಾರು ಮುರದಾರ ಅಜ್ಜಾ?"

"ನಾನಽ ಮುರದೇನಪಾ."

ಸುಳ್ಳು ಹೇಳುವಂತಿರಲಿಲ್ಲ. ೧೯೯೩ರ ದೀಪಾವಳಿಗೆ ನನ್ನ ಮಗನ ಸೋದರಮಾವ ಬೆಂಗಳೂರಿನಿಂದ ತಂದುಕೊಟ್ಟ ಆಟಿಕೆಯದು. ಮಗನಿಗೆ ಆಗ ಎಂಟು ವರ್ಷ. ನಾನು ಮಠದ ಪ್ರಸಾದನಿಲಯದಲ್ಲಿ ಬೆಳೆದವನು. ಗೊಂಬೆಯೊಡನೆ ಆಡಿದ ನೆನಪು ನನಗಿಲ್ಲ. ದಯೆಯನ್ನೇ ಧರ್ಮದ ಬೇರೆಂದು ನಂಬಿದ ಮನೆಯಲ್ಲಿ ಬಂದೂಕು ಹಿಡಿದವನೊಬ್ಬ ಓಡಾಡುವುದು ನನಗೆ ಮೊದಲಿನಿಂದಲೂ ಸರಿಕಂಡಿರಲಿಲ್ಲ. ಒಂದು ಮುಂಜಾನೆ ನಾನು ಲಿಂಗಪೂಜೆಗೆ ಕುಳಿತಿದ್ದಾಗ ಹುಡುಗ ಮಂಚದ ಕೆಳಗಿನಿಂದ ಬಾಯಿಯಲ್ಲಿಯೇ ಗುಂಡು ಹಾರಿಸತೊಡಗಿದ. ಎರಡು ಸಲ ಗದರಿದೆ. ಮೂರನೆಯ ಸಲ ಎದ್ದು ಬಂದು ಗೊಂಬೆಯನ್ನು ಕಸಿದು ಅಂಗಳಕ್ಕೆ ಎಸೆದೆ. ಅದು ಒರಳುಕಲ್ಲಿಗೆ ಬಡಿಯಿತು. ಹುಡುಗ ಅಳಲಿಲ್ಲ. ಚೂರುಗಳನ್ನು ಆಯ್ದುಕೊಂಡು ಒಳಗೆ ಹೋದ. ಆ ಮೇಲೆ ಆ ಗೊಂಬೆಯ ಮಾತು ನಮ್ಮಿಬ್ಬರ ನಡುವೆ ಎಂದೂ ಬರಲಿಲ್ಲ. ಹೊರಗೆ ಅಪಾರ ದಯೆಯ ಉಪನ್ಯಾಸ ಮಾಡುತ್ತಿದ್ದವನು ಪೂಜೆಯ ಮಣೆಯಿಂದ ಎದ್ದು ಮಾಡಿದ ಕೆಲಸ ಇದು.

ಮೊಮ್ಮಗ ಅದನ್ನು ಸರಿಮಾಡೋಣವೆಂದ. ಮೂರು ವಾರ ನಾವಿಬ್ಬರೂ ಅದರಲ್ಲಿಯೇ ತೊಡಗಿದೆವು. ಆ ಅವಧಿಯಲ್ಲಿ ಈ ಗೊಂಬೆಗಳ ವಿಚಾರವಾಗಿ ಓದಿ, ಕೇಳಿ, ಕೈಯಾರೆ ಮಾಡಿ ತಿಳಿದುದನ್ನು ಇಲ್ಲಿ ನಿವೇದಿಸುತ್ತಿದ್ದೇನೆ. ಆಟಿಕೆಯ ವಿಷಯ ಈ ಪತ್ರಿಕೆಗೆ ಹಗುರವೆಂದು ಹಿರಿಯರು ಭಾವಿಸಬಾರದಾಗಿ ವಿನಂತಿ.

ಗೊಂಬೆಯಲ್ಲದ ಗೊಂಬೆ

ಅಮೆರಿಕದಲ್ಲಿ ಇಂತಹ ಆಟಿಕೆಗಳಿಗೆ 'ಆಕ್ಷನ್ ಫಿಗರ್' ಎಂದು ಹೆಸರು. ಈ ಹೆಸರು ಹುಟ್ಟಿದ್ದರ ಹಿಂದೆ ಒಂದು ವ್ಯಾಪಾರದ ಜಾಣತನವಿದೆ. ೧೯೫೯ರಲ್ಲಿ ಮ್ಯಾಟೆಲ್ ಕಂಪನಿ ಹೊರತಂದ ಬಾರ್ಬಿ ಗೊಂಬೆ ಹೆಣ್ಣುಮಕ್ಕಳಲ್ಲಿ ಅಪಾರ ಜನಪ್ರಿಯತೆ ಗಳಿಸಿತ್ತು. ಗಂಡುಮಕ್ಕಳಿಗೂ ಅಂತಹದೊಂದನ್ನು ಮಾರಬೇಕೆಂದು ಹ್ಯಾಸ್‌ಬ್ರೋ ಕಂಪನಿಯವರು ಬಯಸಿದರು. ಆದರೆ ಗಂಡುಹುಡುಗನಿಗೆ ಗೊಂಬೆ ಕೊಡಿಸಲು ಅಲ್ಲಿನ ತಂದೆಯರು ಒಪ್ಪಿಯಾರೆ? ಆದಕಾರಣ ಅದನ್ನು ಗೊಂಬೆಯೆಂದು ಕರೆಯಲೇಬಾರದೆಂದು ಕಟ್ಟುನಿಟ್ಟು ಮಾಡಿ ಈ ಹೊಸ ಹೆಸರನ್ನು ಬಳಕೆಗೆ ತಂದರು. ೧೯೬೪ರಲ್ಲಿ 'ಜಿ.ಐ. ಜೋ' ಎಂಬ ಸಿಪಾಯಿ ಮಾರುಕಟ್ಟೆಗೆ ಬಂದ. ಹನ್ನೆರಡು ಅಂಗುಲದ ಎತ್ತರ, ಬಟ್ಟೆಯ ಉಡುಪು, ತಿರುಗುವ ಭಾಗಗಳು ೨೧. ಸ್ಟಾನ್ಲಿ ವೆಸ್ಟನ್ ಎಂಬವರು ಮೂಲ ಕಲ್ಪನೆಯನ್ನು ಕೊಟ್ಟವರು. ಹ್ಯಾಸ್‌ಬ್ರೋದ ಡಾನ್ ಲೆವಿನ್ ಅದಕ್ಕೆ ರೂಪ ಕೊಟ್ಟವರು.

ಆ ಮೊದಲ ಗೊಂಬೆಯಲ್ಲಿ ಒಂದು ಸ್ವಾರಸ್ಯವಿದೆ. ಅದರ ಬಲಗೈಯ ಹೆಬ್ಬೆರಳಿನ ಉಗುರು ಇರಬೇಕಾದ ಕಡೆ ಇಲ್ಲದೆ ಬೆರಳಿನ ಒಳಮಗ್ಗುಲಲ್ಲಿದೆ. ಅಚ್ಚು ಕೊರೆಯುವಾಗ ಆದ ಪ್ರಮಾದವದು. ಆದರೆ ಅದೇ ಅವರಿಗೆ ಅನುಕೂಲವಾಯಿತು. ಅನ್ಯರು ನಕಲು ಮಾಡಿದಾಗ ಉಗುರು ಕೂಡ ತಪ್ಪು ಜಾಗದಲ್ಲಿ ಬಂದರೆ ಕಳವು ಸಿಕ್ಕಿಬಿದ್ದಂತೆಯೇ. ತಾಡೋಲೆಗಳಲ್ಲಿ ಕೆಲಸ ಮಾಡಿದವರಿಗೆ ಈ ಉಪಾಯ ಹೊಸದಲ್ಲ. ಎರಡು ಪ್ರತಿಗಳಲ್ಲಿ ಶುದ್ಧಪಾಠ ಒಂದೇ ಇದ್ದರೆ ಅದರಿಂದ ಏನೂ ಸಿದ್ಧವಾಗುವುದಿಲ್ಲ. ಒಂದೇ ತಪ್ಪು ಎರಡರಲ್ಲಿಯೂ ಇದ್ದರೆ ಅವೆರಡೂ ಒಂದೇ ಮೂಲದಿಂದ ಇಳಿದವೆಂದು ಹೇಳಬಹುದು.

ವಿಯೆಟ್ನಾಂ ಯುದ್ಧದ ಕಾಲಕ್ಕೆ ಅಮೆರಿಕದ ತಾಯಿತಂದೆಯರಿಗೂ ಸಿಪಾಯಿ ಗೊಂಬೆಯ ವಿಷಯದಲ್ಲಿ ಬೇಸರ ಹುಟ್ಟಿತು. ಕಂಪನಿಯವರು ೧೯೭೦ರ ವೇಳೆಗೆ ಅವನ ಸೈನಿಕವೇಷ ಬಿಡಿಸಿ ಕಾಡುಮೇಡು ಅಲೆಯುವ ಸಾಹಸಿಯನ್ನಾಗಿ ಮಾರ್ಪಡಿಸಿದರು. ನನ್ನ ಅಳುಕು ನನ್ನೊಬ್ಬನದೇ ಆಗಿರಲಿಲ್ಲವೆಂದು ಇದನ್ನು ಓದಿದಾಗ ತುಸು ಸಮಾಧಾನವಾದುದುಂಟು. ೧೯೭೪ರಲ್ಲಿ ಹಿಡಿಯಲು ಬಾಗುವ ಮೆದುವಾದ ಬೆರಳುಗಳನ್ನು ಕೊಟ್ಟರು. ಆ ಕೈಗಳು ಇಂದು ಸಂಗ್ರಾಹಕರಿಗೆ ದೊಡ್ಡ ತಲೆನೋವು. ಮೆದು ವಸ್ತು ಕಾಲಕ್ರಮದಲ್ಲಿ ಒಣಗಿ ಬೆರಳುಗಳು ಮುಟ್ಟಿದರೆ ಉದುರುತ್ತವೆ.

ಎಪ್ಪತ್ತರ ದಶಕದಲ್ಲಿ ಕಚ್ಚಾತೈಲದ ಬೆಲೆ ಏರಿ ಪ್ಲಾಸ್ಟಿಕ್ ತುಟ್ಟಿಯಾಯಿತು. ದೊಡ್ಡ ಗೊಂಬೆಗಳ ಕಾಲ ಮುಗಿಯುತ್ತ ಬಂತು. ಕೆನ್ನರ್ ಕಂಪನಿ 'ಸ್ಟಾರ್ ವಾರ್ಸ್' ಚಲನಚಿತ್ರದ ಪಾತ್ರಗಳನ್ನು ಮೂರೂ ಮುಕ್ಕಾಲು ಅಂಗುಲದಲ್ಲಿ ಮಾಡಿತು. ೧೯೭೭ರ ಕ್ರಿಸ್‌ಮಸ್‌ಗೆ ಗೊಂಬೆಗಳು ಸಿದ್ಧವಾಗದೆ ಹೋದುದರಿಂದ, ಮುಂದೆ ಗೊಂಬೆ ಕಳಿಸುವೆವೆಂಬ ಚೀಟಿಯನ್ನಿಟ್ಟು ರಟ್ಟಿನ ಲಕೋಟೆಯನ್ನಷ್ಟೇ ಮಾರಿದರು. ಜನ ಅದನ್ನೂ ಕೊಂಡರು. ಜಿ.ಐ. ಜೋ ಸಹ ೧೯೮೨ರಲ್ಲಿ ಇದೇ ಚಿಕ್ಕ ಅಳತೆಯಲ್ಲಿ ಪುನಃ ಅವತರಿಸಿದ. ೧೯೮೩ರಿಂದ ಅವನ ತೋಳು ಮೊಣಕೈಯ ಮೇಲ್ಭಾಗದಲ್ಲಿ ಸುತ್ತಲೂ ತಿರುಗುವಂತಾಯಿತು. ೧೯೮೫ರಿಂದ ಕತ್ತು ಗುಂಡುಕೀಲಿನ ಮೇಲೆ ಎಲ್ಲ ದಿಕ್ಕಿಗೂ ಹೊರಳತೊಡಗಿತು. ಈ ವರ್ಷಗಳನ್ನು ನೆನಪಿಟ್ಟುಕೊಂಡವರಿಗೆ ಬಿಡಿಭಾಗ ಹೊಂದಿಸುವುದು ಸುಲಭ. ೧೯೮೨ರ ದೇಹಕ್ಕೆ ೧೯೮೬ರ ತೋಳು ತೊಡಿಸಿದವನನ್ನು ಬಲ್ಲವರು ಒಂದೇ ನೋಟದಲ್ಲಿ ಗುರುತಿಸುತ್ತಾರೆ. ಅಮೆರಿಕದಲ್ಲಿ ಈ ಸರಣಿ ೧೯೯೪ರಲ್ಲಿ ನಿಂತಿತು. ೨೦೦೪ರಲ್ಲಿ ರಾಚೆಸ್ಟರ್ ನಗರದ ಆಟಿಕೆಗಳ ಗೌರವಪಟ್ಟಿಯಲ್ಲಿ ಜಿ.ಐ. ಜೋನ ಹೆಸರು ಸೇರಿತು.

ನಮ್ಮ ದೇಶಕ್ಕೆ ಇವನು ಬಂದುದು ಫನ್‌ಸ್ಕೂಲ್ ಮೂಲಕ. ಎಂ.ಆರ್.ಎಫ್. ಮತ್ತು ಹ್ಯಾಸ್‌ಬ್ರೋ ಕೂಡಿ ೧೯೮೭ರಲ್ಲಿ ಆರಂಭಿಸಿದ ಸಂಸ್ಥೆಯದು. ಹ್ಯಾಸ್‌ಬ್ರೋದ ಅಚ್ಚುಗಳೇ ಇಲ್ಲಿಗೆ ಬಂದು ಇಲ್ಲಿನ ಕಾರ್ಖಾನೆಯಲ್ಲಿ ಗೊಂಬೆಗಳಾದವು. ಆದರೆ ಬಣ್ಣಗಳು ಹಲವು ಸಲ ಬೇರೆಯೇ ಆಗಿರುತ್ತಿದ್ದವು. ಅಮೆರಿಕದಲ್ಲಿ ಹಸಿರು ಉಟ್ಟವನು ಇಲ್ಲಿ ಹಳದಿಯಲ್ಲಿ ಕಾಣಿಸಿಕೊಳ್ಳುವುದುಂಟು. ಈ ಬಣ್ಣಭೇದದ ಕಾರಣದಿಂದಲೇ ಭಾರತದಲ್ಲಿ ತಯಾರಾದ ಗೊಂಬೆಗಳನ್ನು ಪರದೇಶದ ಸಂಗ್ರಾಹಕರು ಅರಸಿಕೊಂಡು ಕೊಳ್ಳುತ್ತಾರೆ. ನಮ್ಮ ಅಟ್ಟಗಳಲ್ಲಿ ಧೂಳು ತಿನ್ನುತ್ತಿರುವ ಡಬ್ಬಿಗಳನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ತೆರೆದು ನೋಡುವುದು ಲೇಸು.

ಒಂದು ರಬ್ಬರ್ ಉಂಗುರ

ಈ ಚಿಕ್ಕ ಸಿಪಾಯಿಯ ದೇಹರಚನೆ ಬಲು ಸರಳ, ಬಲು ಜಾಣ್ಮೆಯದು. ಎದೆ ಮತ್ತು ಬೆನ್ನು ಎರಡು ಚಿಪ್ಪುಗಳು. ಬೆನ್ನಿನ ನಡುವೆ ಒಂದೇ ಒಂದು ಸ್ಕ್ರೂ. ತಲೆಯನ್ನೂ ಎರಡು ತೋಳುಗಳನ್ನೂ ಈ ಚಿಪ್ಪುಗಳೇ ಒತ್ತಿ ಹಿಡಿದಿರುತ್ತವೆ. ಕೆಳಗೆ ನಡುವಿನದೊಂದು ಬಿಡಿ ತುಂಡು, ಅದರ ಕೆಳಗೆ ಎರಡು ಕಾಲುಗಳು. ಕಾಲುಗಳನ್ನು ಒಂದು ಲೋಹದ ಕೊಂಡಿ ಜೋಡಿಸುತ್ತದೆ. ಎದೆಯೊಳಗಿನ ಕಂಬಕ್ಕೂ ಈ ಕೊಂಡಿಗೂ ನಡುವೆ, ನಡುವಿನ ತುಂಡಿನ ರಂಧ್ರದ ಮೂಲಕ, ಒಂದು ಕಪ್ಪು ರಬ್ಬರ್ ಉಂಗುರವನ್ನು ಎಳೆದು ಸಿಕ್ಕಿಸಿರುತ್ತಾರೆ. ಅದಕ್ಕೆ 'ಓ-ರಿಂಗ್' ಎನ್ನುವರು. ಆ ಉಂಗುರದ ಎಳೆತದಿಂದಲೇ ಮೇಲಿನ ದೇಹ, ನಡು, ಕಾಲು ಮೂರೂ ಒಂದಾಗಿ ನಿಲ್ಲುತ್ತವೆ. ಬಾಗುತ್ತವೆ, ಕುಳಿತುಕೊಳ್ಳುತ್ತವೆ, ತಿರುಗುತ್ತವೆ. ಉಂಗುರ ಹರಿದರೆ ಸಿಪಾಯಿ ಎರಡು ತುಂಡು.

ರಬ್ಬರಿಗೆ ಮೂವತ್ತು ವರ್ಷದ ಆಯುಷ್ಯ ದೀರ್ಘಾಯುಷ್ಯವೇ ಸರಿ. ಆದುದರಿಂದ ಹಳೆಯ ಗೊಂಬೆ 'ಮುರಿದಿದೆ' ಎಂದು ಯಾರಾದರೂ ಎಸೆಯುವಾಗ ಅನೇಕವೇಳೆ ಮುರಿದಿರುವುದು ಏನೂ ಇಲ್ಲ, ಉಂಗುರವಷ್ಟೇ ಹರಿದಿರುತ್ತದೆ. ನಲ್ಲಿ ಸಾಮಾನಿನ ಅಂಗಡಿಯಲ್ಲಿ ಹಳೆಯ ಉಂಗುರದ ಅಳತೆ ತೋರಿಸಿದರೆ ಅದಕ್ಕೆ ಸರಿಹೊಂದುವ ಓ-ರಿಂಗ್ ಚಿಲ್ಲರೆ ಕಾಸಿಗೆ ದೊರೆಯುತ್ತದೆ. ದಪ್ಪ ಹೆಚ್ಚಾದರೆ ರಂಧ್ರದಲ್ಲಿ ತೂರುವುದಿಲ್ಲ. ಸುತ್ತಳತೆ ಕಡಿಮೆಯಾದರೆ ಎಳೆತ ಮಿತಿಮೀರಿ ನಡುವಿನ ತುಂಡೇ ಬಿರಿಯುತ್ತದೆ. ಬಿಗಿಯಾಗಿದ್ದಷ್ಟೂ ಒಳ್ಳೆಯದೆಂಬ ಎಣಿಕೆ ಇಲ್ಲಿ ಕೆಲಸಕ್ಕೆ ಬಾರದು.

ಉಂಗುರದ ಅನಂತರದ ಶತ್ರು ಸ್ಕ್ರೂವಿನ ತುಕ್ಕು. ತುಕ್ಕು ಹಿಡಿದುದನ್ನು ಬಲವಂತದಿಂದ ತಿರುಗಿಸಿದರೆ ಅದರ ತಲೆ ಸವೆದು ಮತ್ತೆ ತೆಗೆಯಲು ಬಾರದಂತಾಗುತ್ತದೆ. ಹೊಲಿಗೆಯಂತ್ರದ ಎಣ್ಣೆಯನ್ನು ಸೂಜಿಯ ತುದಿಯಿಂದ ಒಂದು ಹನಿ ಬಿಟ್ಟು ಒಂದು ರಾತ್ರಿ ಕಾಯಬೇಕು. ನಾವು ಎರಡು ರಾತ್ರಿ ಕಾದೆವು.

ಪ್ಲಾಸ್ಟಿಕ್ಕಿಗೂ ಮುಪ್ಪುಂಟು. ಬಿಳಿಯ ಮತ್ತು ತಿಳಿಬಣ್ಣದ ಭಾಗಗಳು ಬೆಳಕಿಗೂ ಬಿಸಿಗೂ ಹಳದಿಯಾಗುತ್ತವೆ. ಮೆದು ಪ್ಲಾಸ್ಟಿಕ್ಕಿನಲ್ಲಿ ಮೆದುತನಕ್ಕಾಗಿ ಬೆರೆಸಿದ ದ್ರವ್ಯ ಕಾಲಾಂತರದಲ್ಲಿ ಮೇಲಕ್ಕೆ ಸ್ರವಿಸಿ ಗೊಂಬೆ ಅಂಟಂಟಾಗುತ್ತದೆ. ಹಳದಿಯಾದುದನ್ನು ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಅದ್ದಿ ಬೆಳಕಿಗಿಟ್ಟರೆ ಬಿಳುಪು ಮರಳುವುದು ನಿಜ. ಆದರೆ ಅದು ಚರ್ಮ ಸುಡುವ ದ್ರಾವಣ, ಮಕ್ಕಳ ಕೈಗೆ ಕೊಡತಕ್ಕದ್ದಲ್ಲ. ಮೇಲಿನ ಬಣ್ಣವೂ ಮಾಸಬಹುದು. ಕೆಲವು ಕಾಲದ ಬಳಿಕ ಹಳದಿ ಪುನಃ ಬರುವುದೂ ಉಂಟು. ಮುಪ್ಪನ್ನು ತೊಳೆದು ತೆಗೆಯುವ ಈ ಹಟ ನನಗೆ ಅಷ್ಟಾಗಿ ರುಚಿಸಲಿಲ್ಲ. ಉಗುರುಬೆಚ್ಚನೆಯ ನೀರು, ಮೃದುವಾದ ಸಾಬೂನು, ಹಳೆಯ ಹಲ್ಲುಜ್ಜುವ ಬ್ರಷ್ಷು ಇಷ್ಟು ಸಾಕು. ಲೋಹದ ಭಾಗಗಳನ್ನು ಬೇರ್ಪಡಿಸಿಯೇ ತೊಳೆದು ಪೂರ್ತಿ ಒಣಗಿಸಬೇಕು. ಉಗುರಿನ ಬಣ್ಣ ತೆಗೆಯುವ ಅಸಿಟೋನ್ ದ್ರವವನ್ನು ಮಾತ್ರ ಹತ್ತಿರಕ್ಕೂ ತರಕೂಡದು. ಅದು ಕೊಳೆಯ ಜೊತೆಗೆ ಗೊಂಬೆಯನ್ನೂ ಕರಗಿಸುತ್ತದೆ.

ದಾನಿ ಗೊಂಬೆಗಳು

ಮುರಿದ ಮೊಣಕೈಯನ್ನು ಅಂಟಿನಿಂದ ಕೂಡಿಸಬಾರದೇ ಎಂದು ಮೊದಲು ನಾವೂ ಯೋಚಿಸಿದೆವು. ಕ್ಷಣದಲ್ಲಿ ಹಿಡಿಯುವ ಅಂಟುಗಳು ಭಾರ ಬೀಳುವ, ಬಾಗುವ ಕಡೆ ಬಹುಕಾಲ ನಿಲ್ಲವು. ಜೊತೆಗೆ ಸುತ್ತಲೂ ಬಿಳಿಯ ಮಂಕು ಕವಿಯುವುದುಂಟು. ಬಾಗದ ಭಾಗವಾದರೆ ಎರಡೂ ತುದಿಗೆ ಸಣ್ಣ ರಂಧ್ರ ಕೊರೆದು ತಂತಿಯ ತುಂಡೊಂದನ್ನು ಒಳಗಿಟ್ಟು ಅಂಟಿಸುವ ಕ್ರಮವಿದೆ. ಮೊಣಕೈಗೆ ಅದೂ ಸಲ್ಲದು. ಅಲ್ಲದೆ ನಮ್ಮಲ್ಲಿ ಮುಂಗೈಯೇ ಇರಲಿಲ್ಲ.

ಉಳಿದ ದಾರಿ ಒಂದೇ. ಕೆಟ್ಟ ಗೊಂಬೆಗಳಲ್ಲಿ ಕೆಡದೆ ಉಳಿದ ಭಾಗವನ್ನು ತೆಗೆದು ತೊಡಿಸುವುದು. ಸಂಗ್ರಾಹಕರ ಲೋಕದಲ್ಲಿ ಇದಕ್ಕಾಗಿಯೇ ಒಂದು ವ್ಯಾಪಾರವಿದೆ. ತಲೆಯಿಲ್ಲದವು, ಕಾಲಿಲ್ಲದವು, ಬೆರಳು ಹೋದವು ಎಲ್ಲವನ್ನೂ ಒಂದು ಚೀಲದಲ್ಲಿ ತುಂಬಿ ತೂಕದ ಲೆಕ್ಕದಲ್ಲಿಯೋ ರಾಶಿಯ ಲೆಕ್ಕದಲ್ಲಿಯೋ ಮಾರುತ್ತಾರೆ. ಸೊಸೆ ಬೆಂಗಳೂರಿನಲ್ಲಿ ಹಳೆಯ ಆಟಿಕೆ ಮಾರುವವರೊಬ್ಬರಿಂದ ಅಂತಹ ಚಿಕ್ಕ ಚೀಲವೊಂದನ್ನು ಕೊಂಡು ಕಳುಹಿಸಿದಳು. ಐದು ದೇಹಗಳು, ಒಂದೂ ಇಡಿಯಾಗಿರಲಿಲ್ಲ. ಅವುಗಳಲ್ಲಿ ಖಾಕಿ ಉಡುಪಿನವನೊಬ್ಬನಿಗೆ ತಲೆಯೂ ಎಡಗಾಲೂ ಇಲ್ಲ. ಬಲತೋಳೂ ನಡುವೂ ಗಟ್ಟಿಮುಟ್ಟಾಗಿದ್ದವು.

ಸ್ಕ್ರೂ ಡ್ರೈವರ್ ಕೈಗೆತ್ತಿಕೊಂಡಾಗ ಮೊಮ್ಮಗ ತಡೆದ. "ಇವನ ಕೈ ತಗದ್ರ ಇವಾ ಮತ್ತಷ್ಟು ಹೆಳವಾ ಆಗ್ತಾನಲ್ಲ ಅಜ್ಜಾ?" ಎಂದ. ಪ್ರಶ್ನೆ ಸಣ್ಣದಲ್ಲ. ಬಲ್ಲವರಲ್ಲಿ ಇದಕ್ಕೊಂದು ನಿಯಮವಿದೆಯೆಂದು ಆಮೇಲೆ ತಿಳಿಯಿತು: ಇಡಿಯಾಗಿರುವ, ಅಥವಾ ಒಂದೆರಡು ಭಾಗ ದೊರೆತರೆ ಇಡಿಯಾಗಬಲ್ಲ ಗೊಂಬೆಯಿಂದ ಏನನ್ನೂ ತೆಗೆಯಬಾರದು, ಎದ್ದು ನಿಲ್ಲುವ ಭರವಸೆ ಇಲ್ಲದುದರಿಂದ ಮಾತ್ರ ತೆಗೆಯಬೇಕು. ನಾವು ಖಾಕಿಯವನನ್ನು ಒಂದು ದಿನ ಮೇಜಿನ ಮೇಲಿಟ್ಟು, ಉಳಿದ ನಾಲ್ಕರಿಂದ ಅವನಿಗೊಂದು ತಲೆ, ಒಂದು ಕಾಲು ಹೊಂದೀತೇ ಎಂದು ನೋಡಿದೆವು. ಹೊಂದಲಿಲ್ಲ. ಆ ಬಳಿಕವೇ ಹುಡುಗ ಒಪ್ಪಿದ.

ಇಲ್ಲಿ ನನ್ನ ವೃತ್ತಿಯ ಮಾತೊಂದನ್ನು ಹೇಳದಿರಲಾರೆ. ಮಠದಲ್ಲಿದ್ದಾಗ ನನಗೆ ದೊರೆತ ಶಿಕ್ಷಣದ ಬಹುಭಾಗ ತಾಡೋಲೆಗಳ ನಡುವೆ ನಡೆಯಿತು. ಓಲೆಗೆ ಮಜ್ಜಿಗೆಹುಲ್ಲಿನ ಎಣ್ಣೆ ಸವರುವುದು, ಕಾಡಿಗೆ ಒರೆಸಿ ಅಕ್ಷರ ಎಬ್ಬಿಸುವುದು, ದಾರ ಹರಿದು ಕಲೆತುಹೋದ ಗರಿಗಳನ್ನು ಕ್ರಮಕ್ಕೆ ತರುವುದು. ಒಂದು ಕಟ್ಟಿನಲ್ಲಿ ಗರಿ ತಪ್ಪಿದ್ದರೆ ಬೇರೆ ಕಟ್ಟಿನಿಂದ ಆ ಪಾಠವನ್ನು ತಂದು ತುಂಬಬಹುದು. ಆದರೆ ತುಂಬಿದ್ದೇನೆಂದು ಹೇಳಬೇಕು. ಎಲ್ಲಿಂದ ತಂದುದು, ಎಷ್ಟು ತಂದುದು ಎಂಬುದನ್ನು ಅಡಿಟಿಪ್ಪಣಿಯಲ್ಲಿ ಬರೆಯದೆ ಹೊಲಿಗೆ ಕಾಣದಂತೆ ಸೇರಿಸಿದವನನ್ನು ನಮ್ಮ ಗುರುಗಳು ಕಳ್ಳನೆಂದೇ ಕರೆಯುತ್ತಿದ್ದರು. ವಚನಗಳ ಸಂಪಾದನೆಯಲ್ಲಿ ಇದರ ನೋವನ್ನು ಬಲ್ಲವರು ಬಲ್ಲರು. ಫ.ಗು. ಹಳಕಟ್ಟಿಯವರು ೧೯೨೩ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದಂದಿನಿಂದ ಇಂದಿನವರೆಗೆ ವಿದ್ವಾಂಸರ ಎಷ್ಟೋ ಶ್ರಮ ವ್ಯಯವಾದುದು ಒಬ್ಬ ಶರಣರ ಅಂಕಿತದ ಕೆಳಗೆ ಸೇರಿಕೊಂಡ ಇನ್ನೊಬ್ಬರ ಮಾತನ್ನು ಬಿಡಿಸುವುದರಲ್ಲಿ. ಎಂದೋ ಯಾರೋ ಲಿಪಿಕಾರ ಒಂದು ದೇಹಕ್ಕೆ ಇನ್ನೊಂದರ ತೋಳನ್ನು ತೊಡಿಸಿ ಸುಮ್ಮನಾದುದರ ಫಲವದು.

ಹಾಗೆಂದು ಬೇರೆ ಬೇರೆ ಭಾಗಗಳನ್ನು ಕೂಡಿಸಿ ಹೊಸದೊಂದನ್ನು ಕಟ್ಟುವುದೇ ತಪ್ಪೆಂದು ಅರ್ಥವಲ್ಲ. ಶೂನ್ಯಸಂಪಾದನೆಯನ್ನೇ ನೋಡಿ. ಹಿಂದಿನ ಶರಣರ ಬಿಡಿ ವಚನಗಳನ್ನು ಆಯ್ದು, ಅಲ್ಲಮಪ್ರಭುವನ್ನು ನಡುವಿಟ್ಟು ಸಂವಾದದ ರೂಪದಲ್ಲಿ ಜೋಡಿಸಿದ ಕೃತಿ. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರ ಸಿದ್ಧವೀರಣಾರ್ಯ ಎಂದು ನಾಲ್ವರು ನಾಲ್ಕು ಬಗೆಯಲ್ಲಿ ಜೋಡಿಸಿದರು. ಪ್ರತಿ ವಚನವೂ ತನ್ನ ಅಂಕಿತವನ್ನು ಹೊತ್ತುಕೊಂಡೇ ಅಲ್ಲಿಗೆ ಬಂದಿದೆ. ಜೋಡಿಸಿದವರ ಹೆಸರೂ ಇದೆ. ಗೊಂಬೆಗಳ ಲೋಕದಲ್ಲಿಯೂ ನಾಲ್ಕಾರು ಗೊಂಬೆಗಳ ಭಾಗಗಳಿಂದ ಹೊಸ ಪಾತ್ರವನ್ನೇ ಸೃಷ್ಟಿಸುವವರಿದ್ದಾರೆ. ಅದು ಒಂದು ಕಲೆ. ತೊಂದರೆ ಬರುವುದು ಅದನ್ನು ಮೂಲದ್ದೆಂದು ಮಾರಿದಾಗ. ಹೊಸದಾಗಿ ಎರಕಹೊಯ್ದ ನಕಲು ಭಾಗಗಳೂ ಈಗ ದೊರೆಯುವುದರಿಂದ ಈ ವಂಚನೆ ಇನ್ನೂ ಸುಲಭವಾಗಿದೆ. ಕೊಳ್ಳುವವರು ಸ್ಕ್ರೂ ತೆಗೆಸಿ ಒಳಗನ್ನು ನೋಡದೆ ಹೆಚ್ಚಿನ ಹಣ ತೆರಬಾರದು.

ಜೋಡಣೆ

ಸ್ಕ್ರೂ ಸಡಿಲಿದ ದಿನ ಕೆಳಗೆ ಬಿಳಿಯ ಪಂಚೆ ಹಾಸಿಕೊಂಡು ಕುಳಿತೆವು. ಅದು ಅನುಭವಸ್ಥರ ಬುದ್ಧಿಮಾತು. ಕೊಂಡಿಯೋ ಸ್ಕ್ರೂವೋ ಹಾರಿಬಿದ್ದರೆ ಕಾಣಬೇಕಲ್ಲ. ಬೆನ್ನಿನ ಚಿಪ್ಪು ತೆಗೆದೊಡನೆ ಹಳೆಯ ಉಂಗುರ ಕರಿಬೆಲ್ಲದ ಪುಡಿಯಂತೆ ಉದುರಿತು. ತಲೆ, ಎಡತೋಳು ತಾವಾಗಿ ಬಿಡಿಸಿಕೊಂಡವು. ಖಾಕಿಯವನ ಬಲತೋಳಿನ ಭುಜದ ಗುಂಡು ನಮ್ಮ ಹಸಿರು ಸಿಪಾಯಿಯ ಭುಜದ ಗುಳಿಯಲ್ಲಿ ಸರಿಯಾಗಿ ಕುಳಿತಿತು. ಒಂದೇ ಪರಂಪರೆಯ ಅಚ್ಚುಗಳೆಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ನಡುವಿನ ತುಂಡು ಮಾತ್ರ ಕೂದಲೆಳೆಯಷ್ಟು ದಪ್ಪ. ನಯವಾದ ಉಪ್ಪುಕಾಗದದಿಂದ ಎರಡು ಸಲ ಉಜ್ಜಿ, ಸಾಕೆಂದು ನಿಲ್ಲಿಸಿದೆವು.

ಉಂಗುರವನ್ನು ಕೊಂಡಿಗೆ ಸಿಕ್ಕಿಸುವ ಕೆಲಸ ನನ್ನಿಂದಾಗಲಿಲ್ಲ. ಅರವತ್ತು ದಾಟಿದವನ ಬೆರಳು ನಡುಗುತ್ತವೆ. ನನ್ನವಳು ಹೂಕಟ್ಟುವ ದಾರವೊಂದನ್ನು ತಂದು, ಉಂಗುರದಲ್ಲಿ ಪೋಣಿಸಿ, ನಡುವಿನ ರಂಧ್ರದಿಂದ ದಾರವನ್ನೆಳೆದು, ಉಂಗುರ ಹೊರಗೆ ಬಂದೊಡನೆ ಕೊಂಡಿಯನ್ನು ಸಿಕ್ಕಿಸಿಯೇಬಿಟ್ಟಳು. ದಾರವನ್ನು ಎಳೆದುಕೊಂಡು ಎದ್ದುಹೋದಳು. ಶರಣರ ಪಟ್ಟಿಯಲ್ಲಿ ಸೂಜಿಕಾಯಕದ ರಾಮಿತಂದೆಗೆ ಏಕೆ ಸ್ಥಾನವಿದೆಯೆಂದು ನಾನು ವಿದ್ಯಾರ್ಥಿಗಳಿಗೆ ಎಷ್ಟೋ ಸಲ ವಿವರಿಸಿದ್ದೇನೆ. ಆ ದಿನ ನನಗೆ ಅದು ಕಣ್ಣಿಗೆ ಕಂಡಿತು.

ಸ್ಕ್ರೂವನ್ನು ಮರಳಿ ಕೂಡಿಸುವಾಗ ಮೊದಲು ಎಡಕ್ಕೆ ತುಸು ತಿರುಗಿಸಬೇಕು. ಹಳೆಯ ಮರೆಗೆ ಸರಿಯಾಗಿ ಕೂತಾಗ ಸಣ್ಣ ಸಪ್ಪಳವಾಗುತ್ತದೆ. ಆಮೇಲೆ ಬಲಕ್ಕೆ. ಇಲ್ಲವಾದರೆ ಪ್ಲಾಸ್ಟಿಕ್ಕಿನಲ್ಲಿ ಹೊಸ ಮರೆ ಕೊರೆದು ಹಿಡಿತ ಹೋಗುತ್ತದೆ. ಸಿಪಾಯಿ ನಿಂತ. ಕುಳ್ಳಿರಿಸಿದರೆ ಕುಳಿತ.

ಎರಡು ವಿಷಯಗಳಲ್ಲಿ ನಮಗೆ ಚರ್ಚೆಯಾಯಿತು. ಖಾಕಿ ತೋಳಿಗೆ ಹಸಿರು ಬಣ್ಣ ಹಚ್ಚೋಣವೆಂದು ಮೊಮ್ಮಗ. ಬಣ್ಣದ ಪದರ ಕೀಲಿನ ನಡುವೆ ಸೇರಿ ಕೀಲು ಬಿಗಿಯುತ್ತದೆ, ತಿರುಗಿಸಿದಂತೆಲ್ಲ ಕಿತ್ತುಬರುತ್ತದೆ ಎಂದು ನಾನು ಹೇಳಿದೆ. ಅದು ನಿಜವೂ ಹೌದು. ಆದರೆ ನನ್ನ ಮನಸ್ಸಿನಲ್ಲಿದ್ದುದು ಬೇರೆ. ತೋಳು ಎರವಲೆಂಬುದು ಕಾಣಬೇಕೆಂಬುದೇ ನನ್ನ ಇಚ್ಛೆ. ಎರಡನೆಯದು ಬಂದೂಕು. ಚೀಲದಲ್ಲಿ ಎರಡು ಬಂದೂಕುಗಳಿದ್ದವು. ಇವನ ಕೂಡ ಬಂದ ಆಯುಧ ಅದಲ್ಲ, ಆದಕಾರಣ ಕೊಡುವುದು ಪಾಠದೋಷ ಎಂದು ವಾದಿಸಿದೆ. ಶಾಸ್ತ್ರದ ನೆಪದಲ್ಲಿ ನನ್ನ ಹಳೆಯ ಅಸಮಾಧಾನವನ್ನೇ ನಾನು ಸಾಧಿಸಿಕೊಂಡೆನೆಂದು ಓದುಗರು ನಕ್ಕರೆ ನನ್ನ ಆಕ್ಷೇಪಣೆಯಿಲ್ಲ. ಮೊಮ್ಮಗ ಅವನ ಕೈಗೆ ಒಂದು ಊದುಬತ್ತಿಯ ಕಡ್ಡಿಯನ್ನು ಕೊಟ್ಟ; ಅದು ಬಿತ್ತು. ಹೆಬ್ಬೆರಳಿನ ಹಿಡಿತ ಕಡ್ಡಿಗಿಂತ ದಪ್ಪದ್ದು.

ಬಳಿಕ ರೂಢಿಯಂತೆ ಒಂದು ಚೀಟಿ ಬರೆದು ಡಬ್ಬಿಯಲ್ಲಿಟ್ಟೆ: "ತಲೆ, ಎದೆ, ಎಡತೋಳು, ಎರಡೂ ಕಾಲು, ಕೊಂಡಿ, ಸ್ಕ್ರೂ ಮೂಲದವು. ಬಲತೋಳು ಮತ್ತು ನಡು ಅನ್ಯ ಗೊಂಬೆಯಿಂದ. ರಬ್ಬರ್ ಉಂಗುರ ಹೊಸದು." ಮೊಮ್ಮಗ ಓದಿ, "ಮುರದವರ ಹೆಸರು ಬ್ಯಾಡೇನ ಅಜ್ಜಾ?" ಎಂದ. ಟಿಪ್ಪಣಿ ಅಪೂರ್ಣವಾಗಿತ್ತು, ಒಪ್ಪಿದೆ. "ಬಲಗೈಯನ್ನು ಹೆಬ್ಬೆರಳು ಸಹಿತವಾಗಿಯೂ ನಡುವನ್ನೂ ೧೯೯೩ರಲ್ಲಿ ಮುರಿದವನು ಈ ಚೀಟಿ ಬರೆದವನು" ಎಂದು ಸೇರಿಸಿದೆ.

ಬಸವಜಯಂತಿಗೆ ಮಗ ಊರಿಗೆ ಬಂದ. ಊಟವಾದ ಮೇಲೆ ಹುಡುಗ ಡಬ್ಬಿಯನ್ನು ತಂದೆಯ ಮುಂದಿಟ್ಟ. ಮಗ ಗೊಂಬೆಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿದ. ಖಾಕಿ ತೋಳನ್ನು ಮೇಲೆತ್ತಿದ, ಇಳಿಸಿದ. ಚೀಟಿಯನ್ನು ಬಿಡಿಸಿ ಓದಿದ. ನಾನು ಎಲೆಅಡಿಕೆಯ ತಟ್ಟೆಯಲ್ಲಿ ಏನನ್ನೋ ಹುಡುಕುತ್ತಿದ್ದೆ.

"ಅಪ್ಪಾ, ಇದರಾಗ ಒಂದು ತಪ್ಪದ," ಎಂದ. "ಹೆಬ್ಬಟ್ಟು ನೀವು ಮುರದದ್ದಲ್ಲ. ಅದು ಮೊದಲಽ ಹೋಗಿತ್ತು. ಬಂದೂಕು ತುರುಕಲಿಕ್ಕೆ ಹೋಗಿ ನಾನಽ ಮುರಕೊಂಡಿದ್ದೆ. ನಿಮಗ ಹೇಳಲಿಕ್ಕೆ ಹೆದರಿ ಸುಮ್ಮನಿದ್ದೆ."

ಪೆನ್ನು ತರಿಸಿ ಚೀಟಿಯಲ್ಲಿ 'ಹೆಬ್ಬೆರಳು ಸಹಿತವಾಗಿಯೂ' ಎಂಬುದನ್ನು ಹೊಡೆದುಹಾಕಿ, ಪಕ್ಕದಲ್ಲಿ ಅವನ ಕೈಯಿಂದಲೇ ತಿದ್ದುಪಡಿ ಬರೆಸಿದೆ. ಡಬ್ಬಿ ಈಗ ಅವನ ಮನೆಯಲ್ಲಿದೆ. ಖಾಕಿ ಸಿಪಾಯಿಯ ಉಳಿದ ಭಾಗಗಳು ನನ್ನ ಮೇಜಿನ ಒಳಗಿವೆ. ಯಾರಿಗಾದರೂ ಎಡತೋಳು ಬೇಕಾದರೆ ಕೊಡಬಹುದೆಂದು ಮೊಮ್ಮಗ ಹೇಳಿಹೋಗಿದ್ದಾನೆ.